ಹಳೆಯ ಮೋಟಾರಿನ ಸೋರಿಕೆಯೂ ಸದ್ದೂ



ಹಳೆಯ ಮೋಟಾರು ಗಾಡಿಯುಳ್ಳ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಗಾಡಿ ನಿಲ್ಲುವ ನೆಲದ ಮೇಲೆ ಎಣ್ಣೆಯ ಕಲೆ ಇದ್ದೇ ಇರುತ್ತದೆ. ಕಲೆಯನ್ನು ಕಂಡೊಡನೆ ಯಜಮಾನರು ರಿಪೇರಿಯವನಲ್ಲಿಗೆ ಹೋಗುತ್ತಾರೆ. ಅವನು ಇಂಜಿನನ್ನು ಇಳಿಸಬೇಕೆಂದು ತೀರ್ಪು ಕೊಡುತ್ತಾನೆ. ಈ ತೀರ್ಪು ಅನೇಕ ವೇಳೆ ಅವಸರದ್ದೆಂಬುದು ನಮ್ಮ ಅಭಿಪ್ರಾಯ. ಎಣ್ಣೆ ತೊಟ್ಟಿಕ್ಕುವ ಸ್ಥಳವೇ ಬೇರೆ, ಸೋರುವ ಸ್ಥಳವೇ ಬೇರೆ.

ಅಂಬಾಸಡರ್ ಗಾಡಿಯನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ಗಾಡಿಯ ನಿರ್ಮಾಣವು 2014ರಲ್ಲಿ ನಿಂತುಹೋಯಿತು, ಉಳಿದವೆಲ್ಲವೂ ವಯಸ್ಸಾದವೇ. ಇದರ 1489 ಸಿ.ಸಿ. ಪೆಟ್ರೋಲ್ ಇಂಜಿನಿನಲ್ಲಿ ಕ್ರ್ಯಾಂಕಿನ ಹಿಂದಿನ ತುದಿಗೆ ರಬ್ಬರಿನ ಸೀಲಿಲ್ಲ. ಅಲ್ಲಿ ತಿರುಪಿನಂತೆ ಕೊರೆದ ಗೀರೊಂದುಂಟು. ಕ್ರ್ಯಾಂಕು ತಿರುಗುವಾಗ ಅದು ಎಣ್ಣೆಯನ್ನು ಒಳಕ್ಕೆ ದೂಡುತ್ತದೆ. ಇಂಜಿನು ನಿಂತರೆ ಗೀರಿನ ಕೆಲಸವೂ ನಿಲ್ಲುವುದು. ಆದುದರಿಂದ ರಾತ್ರಿ ಒಂದೆರಡು ತೊಟ್ಟು ಬಿದ್ದರೆ ಅದು ರೋಗವಲ್ಲ, ಸ್ವಭಾವ.

ಹೆಚ್ಚಾಗಿ ಬಿದ್ದರೆ ವಿಚಾರಿಸತಕ್ಕದ್ದೇ. ಇಂಜಿನಿನ ತಲೆಯ ಮುಚ್ಚಳಕ್ಕೂ ಪಕ್ಕದ ಎರಡು ಮುಚ್ಚಳಗಳಿಗೂ ಬೆಂಡಿನ ಗ್ಯಾಸ್ಕೆಟ್ಟುಗಳಿವೆ. ಅವು ಒಣಗಿ ಬಿರಿದರೆ ಎಣ್ಣೆಯು ಪಕ್ಕದಿಂದ ಇಳಿದು, ಓಟದ ಗಾಳಿಗೆ ಹಿಂದಕ್ಕೆ ಸರಿದು, ಕ್ಲಚ್ಚಿನ ಕವಚದ ಅಡಿಯಲ್ಲಿ ತೊಟ್ಟಿಕ್ಕುತ್ತದೆ. ನೋಡುವವನು ಕ್ರ್ಯಾಂಕಿನ ಮೇಲೆ ತಪ್ಪು ಹೊರಿಸುತ್ತಾನೆ. ಮುಚ್ಚಳದ ಬೋಲ್ಟನ್ನು ಬಲವಾಗಿ ಬಿಗಿದರಾಯಿತೆಂಬ ನಂಬಿಕೆಯೂ ಸರಿಯಲ್ಲ. ತಗಡು ಬಾಗಿ ಸೋರಿಕೆ ಹೆಚ್ಚುವುದು. ಇನ್ನೊಂದು ಕಾರಣ ಇಂಜಿನಿನ ಹೊಗೆ ಹೊರಹೋಗುವ ಬ್ರೀದರ್ ಕೊಳವೆ. ಅದು ಕಟ್ಟಿಕೊಂಡರೆ ಪಿಸ್ಟನಿನ ಪಕ್ಕದಿಂದ ನುಸುಳಿದ ಅನಿಲಕ್ಕೆ ದಾರಿಯಿಲ್ಲದೆ, ಅದು ಪ್ರತಿಯೊಂದು ಸಂದಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಕೊಳವೆಯನ್ನು ತೊಳೆಯುವುದಕ್ಕೆ ಖರ್ಚೇನೂ ಇಲ್ಲ.

ಪರೀಕ್ಷೆ ಸುಲಭ. ತಣ್ಣಗಿರುವ ಇಂಜಿನನ್ನು ಚೆನ್ನಾಗಿ ತೊಳೆದು, ಒಣಗಿಸಿ, ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿ, ಎಂಟು ಹತ್ತು ಕಿಲೋಮೀಟರು ಓಡಿಸಿ ಬಂದು ಟಾರ್ಚ್ ಹಿಡಿದು ನೋಡಬೇಕು. ಒದ್ದೆಯಾದ ಸ್ಥಳಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅಲ್ಲಿಂದಲೇ ಹುಡುಕಲು ತೊಡಗತಕ್ಕದ್ದು.

ಹಿಂದಿನ ಚಕ್ರದ ಒಳಮೈ ಒದ್ದೆಯಾಗಿದ್ದರೆ ಮಾತ್ರ ಸಾವಕಾಶ ಸಲ್ಲದು. ಅದು ಆಕ್ಸಲಿನ ಗೇರೆಣ್ಣೆಯಾಗಿರಬಹುದು, ಇಲ್ಲವೆ ಬ್ರೇಕಿನ ದ್ರವವಾಗಿರಬಹುದು. ಒಂದು ಹನಿಯನ್ನು ನೀರಿಗೆ ಬಿಟ್ಟು ನೋಡಿ. ಗೇರೆಣ್ಣೆ ತೇಲುತ್ತದೆ, ಗಂಧಕದ ವಾಸನೆಯೂ ಉಂಟು. ಸಾಮಾನ್ಯ ಬ್ರೇಕ್ ದ್ರವವು ನೀರಿನಲ್ಲಿ ಬೆರೆತುಹೋಗುತ್ತದೆ. ಬೆರೆತರೆ, ರಿಪೇರಿಯವನನ್ನೇ ಮನೆಗೆ ಕರೆಸಬೇಕು. ಗಾಡಿಯನ್ನು ಬೀದಿಗೆ ಇಳಿಸಕೂಡದು. ತೇಲಿದರೂ ನಿಶ್ಚಿಂತೆಯಿಲ್ಲ, ಬ್ರೇಕಿನ ಪಟ್ಟಿಗೆ ಎಣ್ಣೆ ಹತ್ತಿದರೆ ಆ ಚಕ್ರವು ಹಿಡಿಯದು. ಹೊಸ ಸೀಲು ಹಾಕಿಸುವ ಮುನ್ನ ಆಕ್ಸಲಿನ ಮೇಲಿನ ಗಾಳಿಯ ತೂತು ಕೆಸರಿನಿಂದ ಮುಚ್ಚಿದೆಯೇ, ಎಣ್ಣೆಯನ್ನು ಮಟ್ಟದ ತೂತಿಗಿಂತ ಮೇಲೆ ತುಂಬಿದ್ದಾರೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಹೊಸ ಸೀಲೂ ಹಳೆಯದರ ಹಾದಿ ಹಿಡಿಯುವುದು.

ಇನ್ನು ಸದ್ದು. ಹೊರಡುವಾಗಲೂ ವೇಗ ತಗ್ಗಿಸುವಾಗಲೂ 'ಟಣ್' ಎಂದರೆ ಮೆಕ್ಯಾನಿಕರು ಕ್ರಾಸ್ ಎಂದು ಕರೆಯುವ ಪ್ರೊಪೆಲ್ಲರ್ ಷಾಫ್ಟಿನ ಕೀಲು ಸವೆದಿರಬಹುದು. ಸಮನೆಲದಲ್ಲಿ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಷಾಫ್ಟನ್ನು ಕೈಯಿಂದ ತಿರುಚಿ ನೋಡಬೇಕು. ಕೀಲಿನಲ್ಲಿಯೇ ಸಡಿಲವಿದ್ದರೆ ಕ್ರಾಸ್. ಕೀಲು ಬಿಗಿಯಾಗಿದ್ದೂ ಷಾಫ್ಟು ಬಹಳ ಆಡಿದರೆ ಆಕ್ಸಲಿನ ಕ್ರೌನ್ ಪಿನಿಯನ್. ಎಳೆಯುವಾಗ ಮಾತ್ರ ಊಳಿಟ್ಟು, ಕಾಲು ತೆಗೆದರೆ ಅಡಗುವ ಸದ್ದು ಪಿನಿಯನ್ನಿನ ಹಲ್ಲುಗಳದು; ಎರಡರಲ್ಲಿಯೂ ಒಂದೇ ಸಮನೆ ಗೊರಗುಟ್ಟುವುದು ಬೇರಿಂಗಿನದು. ಸ್ಟೀರಿಂಗಿನ ಬಳಿಯ ಗೇರ್‌ಕೋಲು ತಡಕಾಡಿಸಿದರೆ ಗೇರ್‌ಬಾಕ್ಸನ್ನು ಬಿಚ್ಚಿಸಬೇಡಿ, ಮೊದಲು ಅದರ ಸರಳುಗಳ ಬುಷ್ಷುಗಳನ್ನು ನೋಡಿಸಿ. ಆ ಬಡಪಾಯಿ ಗೇರ್‌ಬಾಕ್ಸು ಇತರರ ತಪ್ಪಿಗಾಗಿ ಬಹಳ ಸಲ ಬಿಚ್ಚಿಸಿಕೊಂಡಿದೆ.

ಕ್ರಾಸನ್ನು ಬದಲಿಸುವವನು ಷಾಫ್ಟನ್ನು ಇಳಿಸುವುದಕ್ಕೆ ಮುಂಚೆ ಎರಡು ಫ್ಲ್ಯಾಂಜುಗಳ ಮೇಲೂ ಸುಣ್ಣದ ಗುರುತು ಹಾಕಿದನೇ ಎಂದು ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಗುರುತು ತಪ್ಪಿಸಿ ಕೂಡಿಸಿದರೆ ಹೊಸ ಕ್ರಾಸ್ ಹಾಕಿದ ಗಾಡಿಯೂ ವೇಗದಲ್ಲಿ ನಡುಗಬಹುದು.