ಮಂಡಿ ಏಕೆ ಮಡಿಯುತ್ತದೆ? ಕೀಲುಮಾದರಿಗಳು ಮತ್ತು ನಡಿಗೆಯ ವಾದ



 

ಕೀಲುಮಾದರಿಗಳ ಬಗೆಗಿನ ಪ್ರಾಥಮಿಕ ಸಂಗತಿಗಳು ಯಾವ ಪಠ್ಯದಲ್ಲಾದರೂ ಸಿಗುತ್ತವೆ. ಕಾರುಗಳ ಡಿಕ್ಕಿ ಪರೀಕ್ಷೆಗೆ ಕೂರಿಸುವ ಡಮ್ಮಿ ಇರಲಿ, ಟೈರನೋಸಾರಸ್ ವೇಗವಾಗಿ ಓಡಬಲ್ಲದಾಗಿತ್ತೇ ಎಂದು ತಿಳಿಯಲು ಹಚಿನ್ಸನ್ ಮತ್ತು ಗಾರ್ಸಿಯಾ 2002ರಲ್ಲಿ ಲೆಕ್ಕಕ್ಕೆ ತೆಗೆದುಕೊಂಡ ಕಾಲಿನ ಮಾದರಿ ಇರಲಿ, ತತ್ತ್ವ ಒಂದೇ. ಬಾಗದ ತುಂಡುಗಳು, ನಡುವೆ ಕೀಲು, ಪ್ರತಿ ತುಂಡಿಗೂ ಒಂದು ತೂಕ ಮತ್ತು ತೂಕದ ಕೇಂದ್ರ. ಮನುಷ್ಯದೇಹದ ಈ ಅಳತೆಗಳನ್ನು ಬ್ರೌನ ಮತ್ತು ಫಿಷರ್ ಹೆಪ್ಪುಗಟ್ಟಿಸಿದ ಶವಗಳಿಂದ ಪಡೆದು 1889ರಲ್ಲಿ ಪ್ರಕಟಿಸಿದರು. ಇದಿಷ್ಟು ಪೀಠಿಕೆ ಸಾಕು. ನಾನು ಇಂದು ಚರ್ಚಿಸಬೇಕೆಂದಿರುವುದು ನಡಿಗೆಯ ಬಗೆಗಿನ ಒಂದೇ ಒಂದು ವಾದವನ್ನು. ಅದು ತಪ್ಪೆಂದು ತೋರಿಸಿಕೊಟ್ಟ ಮೇಲೂ ತರಗತಿಗಳಲ್ಲಿ ಉಳಿದುಕೊಂಡಿದೆ.

1953ರಲ್ಲಿ ಸಾಂಡರ್ಸ್, ಇನ್‌ಮನ್ ಮತ್ತು ಎಬರ್‌ಹಾರ್ಟ್ ನಡಿಗೆಯ ಆರು ನಿರ್ಧಾರಕಗಳನ್ನು ಮಂಡಿಸಿದರು. ಕಟಿ ತಿರುಗುವುದು, ಒಂದು ಪಕ್ಕಕ್ಕೆ ವಾಲುವುದು, ಊರಿದ ಕಾಲಿನ ಮಂಡಿ ಕೊಂಚ ಮಡಿಯುವುದು ಮೊದಲಾದ ಈ ಚಲನೆಗಳೆಲ್ಲ ದೇಹದ ಗುರುತ್ವಕೇಂದ್ರದ ಏರಿಳಿತವನ್ನು ತಗ್ಗಿಸಲೆಂದೇ ಇವೆ, ಏರಿಳಿತ ತಗ್ಗಿದಷ್ಟೂ ಶಕ್ತಿ ಉಳಿಯುತ್ತದೆ ಎಂಬುದು ಅವರ ನಿಲುವು. ಅಂದವಾದ ವಾದ; ಫಿಸಿಯೋಥೆರಪಿ ವಿದ್ಯಾರ್ಥಿಗಳು ಇಂದಿಗೂ ಇದನ್ನು ಬಾಯಿಪಾಠ ಮಾಡುತ್ತಾರೆ. ಚಲನೆಗಳನ್ನು ಆ ಮೂವರು ಸೂಕ್ಷ್ಮವಾಗಿಯೇ ಗಮನಿಸಿದ್ದರು. ನನ್ನ ತಕರಾರು ಅವಕ್ಕೆ ಅವರು ಕೊಟ್ಟ ಕಾರಣದ ಮೇಲೆ.

ಇದಕ್ಕೆ ಉತ್ತರ ಬಂದದ್ದು ಕೀಲುಮಾದರಿಗಳಿಂದ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿದ್ದ ಟ್ಯಾಡ್ ಮೆಕ್‌ಗೀರ್ 1990ರಲ್ಲಿ ಮೋಟಾರಾಗಲಿ ಕಂಪ್ಯೂಟರಾಗಲಿ ಇಲ್ಲದೆ ನಡೆಯುವ ಯಂತ್ರಗಳನ್ನು ವಿವರಿಸಿದರು. ಮಂಡಿಯುಳ್ಳ ಯಂತ್ರವನ್ನೇ ನೋಡೋಣ. ಪಕ್ಕಕ್ಕೆ ಬೀಳದಂತೆ ಹೊರಗಿನ ಎರಡು ಕಾಲುಗಳನ್ನು ಒಂದು ಜೋಡಿಯಾಗಿಯೂ ಒಳಗಿನ ಎರಡನ್ನು ಇನ್ನೊಂದು ಜೋಡಿಯಾಗಿಯೂ ಕಟ್ಟಿದೆ. ಪಾದಗಳ ಅಡಿ ಬಾಗಿದೆ. ತುಸುವೇ ಇಳಿಜಾರಾದ ಹಲಗೆಯ ಮೇಲೆ ಮೆಲ್ಲಗೆ ತಳ್ಳಿಬಿಟ್ಟರೆ ತೊಡೆ ಮುಂದಕ್ಕೆ ಬೀಸುತ್ತದೆ. ಮಂಡಿಯ ಕೆಳಗಿನ ತುಂಡು ಹಿಂದುಳಿಯುವುದರಿಂದ ಮಂಡಿ ತಾನಾಗಿಯೇ ಮಡಿಯುತ್ತದೆ, ಪಾದ ನೆಲ ಬಿಟ್ಟು ಮೇಲೇಳುತ್ತದೆ. ಆಮೇಲೆ ಕೆಳತುಂಡು ಮುಂದೆ ಬಂದು ತಡೆಗೆ ಬಡಿದು ಕಾಲು ನೆಟ್ಟಗಾಗುತ್ತದೆ, ಪಾದ ಊರುತ್ತದೆ. ಮಂಡಿಗೆ ಮಡಿಯೆಂದು ಯಾರೂ ಹೇಳಿಕೊಟ್ಟಿಲ್ಲ. ಇಲ್ಲಿ ಬೀಸುಗಾಲು ಮಡಿಯುವುದಕ್ಕೆ ಕಾರಣ ತೂಕದ ಹಂಚಿಕೆ, ಫಲ ಪಾದ ನೆಲಕ್ಕೆ ಎಡವದಿರುವುದು. ಗುರುತ್ವಕೇಂದ್ರವನ್ನು ಸಪಾಟಾಗಿ ಒಯ್ಯುವ ಉದ್ದೇಶ ಈ ಯಂತ್ರದಲ್ಲಿ ಎಲ್ಲೂ ಇಲ್ಲ. ಅದು ಪ್ರತಿ ಹೆಜ್ಜೆಗೂ ಊರಿದ ಕಾಲಿನ ಮೇಲೆ ಏರಿ ಇಳಿಯುತ್ತದೆ, ಪಟ್ಟಿ ಕಳಚಿದ ಗಾಡಿಚಕ್ರ ಬರೀ ಅರಗಳ ಮೇಲೆ ಉರುಳುವ ಹಾಗೆ.

1998ರಲ್ಲಿ ಗಾರ್ಸಿಯಾ, ಅನಿಂದ್ಯ ಚಟರ್ಜಿ, ರುಯಿನಾ ಮತ್ತು ಕೋಲ್‌ಮನ್ ಮಂಡಿಯನ್ನೂ ತೆಗೆದುಹಾಕಿ, ಸೊಂಟದಲ್ಲಿ ಒಂದೇ ಕೀಲುಳ್ಳ ಎರಡು ನೆಟ್ಟನೆಯ ಕಾಲುಗಳನ್ನು ಲೆಕ್ಕದಲ್ಲೇ ನಡೆಸಿ ತೋರಿಸಿದರು. ಚಟರ್ಜಿಯವರು ಮುಂದೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದವರು ಎಂಬುದನ್ನು ಈ ಸಭೆಯಲ್ಲಿ ಸಂತೋಷದಿಂದ ನೆನೆಯುತ್ತೇನೆ. ಕೀಲು ಹೆಚ್ಚಿದಷ್ಟೂ ಮಾದರಿ ನಿಜಕ್ಕೆ ಹತ್ತಿರ ಎನ್ನುವವರಿಗೆ ಈ ಕೆಲಸವೇ ಉತ್ತರ. ಒಂದೊಂದೇ ಕೀಲನ್ನು ತೆಗೆದು ನೋಡಿದಾಗ, ಯಾವುದಿಲ್ಲದಿದ್ದರೂ ನಡಿಗೆ ಉಳಿಯುತ್ತದೆಂದು ತಿಳಿಯುತ್ತದೆ. ನೂರು ಸ್ನಾಯುಗಳನ್ನು ತುಂಬಿದ ಮಾದರಿ ನಡೆದರೆ, ನಡೆಸಿದ್ದು ಯಾವುದೆಂದು ಹೇಳುವುದು ಕಷ್ಟ.

ಯಂತ್ರಕ್ಕೂ ಮನುಷ್ಯನಿಗೂ ಎಲ್ಲಿಯ ಹೋಲಿಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಮನುಷ್ಯರ ಮೇಲಿನ ಪ್ರಯೋಗವನ್ನೇ ನೋಡಬೇಕು. 2005ರಲ್ಲಿ ಒರ್ಟೆಗಾ ಮತ್ತು ಫಾರ್ಲಿ ಏರಿಳಿತವಿಲ್ಲದೆ ಸಪಾಟಾಗಿ ನಡೆಯುವಂತೆ ಜನರಿಗೆ ಹೇಳಿ, ಅವರ ಶಕ್ತಿಯ ಖರ್ಚನ್ನು ಅಳೆದರು. ಹಳೆಯ ವಾದದ ಪ್ರಕಾರ ಖರ್ಚು ಇಳಿಯಬೇಕಿತ್ತು. ಅದು ಹೆಚ್ಚುಕಡಿಮೆ ಇಮ್ಮಡಿಯಾಯಿತು. ಸಪಾಟಾಗಿ ನಡೆಯಬೇಕಾದರೆ ಊರಿದ ಮಂಡಿಯನ್ನು ಬಾಗಿಸಿಕೊಂಡೇ ದೇಹವನ್ನು ಹೊರಬೇಕು. ತೊಡೆಯ ಸ್ನಾಯುಗಳಿಗೆ ಬಿಡುವೇ ಸಿಗುವುದಿಲ್ಲ. ಇಷ್ಟಾದ ಮೇಲೂ ಆರು ನಿರ್ಧಾರಕಗಳನ್ನು ಮಿತವ್ಯಯದ ಸೂತ್ರಗಳೆಂದು ಕಲಿಸುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಎದುರು ಪಕ್ಷದ ಅತಿಯನ್ನೂ ನಾನು ಒಪ್ಪಲಾರೆ. ನಡಿಗೆಯೆಂದರೆ ಬರೀ ಗುರುತ್ವದ ಆಟ ಎನ್ನುವವರು ಇಳಿಜಾರನ್ನು ಮರೆಯುತ್ತಾರೆ. ನಾವು ಸಮತಟ್ಟಾದ ನೆಲದಲ್ಲೂ ನಡೆಯುತ್ತೇವೆ. ಪ್ರತಿ ಬಾರಿ ಪಾದ ಊರಿದಾಗ ಕಳೆದುಹೋಗುವ ಶಕ್ತಿಯನ್ನು ಎಲ್ಲಿಂದಾದರೂ ತುಂಬಿಕೊಡಲೇಬೇಕು. ಎಲ್ಲಿಂದ, ಯಾವಾಗ ಎಂಬುದನ್ನು ಆರ್ಥರ್ ಕುವೊ 2002ರಲ್ಲಿ ಎರಡು ನೆಟ್ಟನೆಯ ಕಾಲುಗಳ ಆ ಸರಳ ಮಾದರಿಯಲ್ಲೇ ಲೆಕ್ಕ ಹಾಕಿದರು. ಮುಂದಿನ ಕಾಲು ಊರುವ ಮೊದಲೇ ಹಿಂದಿನ ಪಾದ ನೆಲವನ್ನು ತಳ್ಳಿದರೆ, ಸೊಂಟದಿಂದ ಎಳೆಯುವುದಕ್ಕೆ ತಗಲುವುದರ ಕಾಲುಭಾಗದಷ್ಟು ಶಕ್ತಿ ಸಾಕು. ಊರಿದ ಮೇಲೆ ತಳ್ಳಿದರೆ ಆ ಲಾಭ ಕೈತಪ್ಪುತ್ತದೆ.

ಕೃತಕ ಕಾಲು ತೊಟ್ಟವರ ಮಟ್ಟಿಗೆ ಇದು ನಿತ್ಯದ ಸಂಗತಿ. 1960ರ ದಶಕದ ಕೊನೆಯಲ್ಲಿ ರಾಮಚಂದ್ರ ಶರ್ಮ ಮತ್ತು ಡಾ. ಪಿ. ಕೆ. ಸೇಥಿ ರೂಪಿಸಿದ ಜೈಪುರ ಪಾದ ಬರಿಗಾಲಿನಲ್ಲಿ ನಡೆಯಲು, ಕುಕ್ಕರಗಾಲಿನಲ್ಲಿ ಕೂರಲು, ಕೆಸರಿನ ಗದ್ದೆಗೆ ಇಳಿಯಲು ಅನುವು ಮಾಡಿಕೊಟ್ಟಿತು. ಆ ಉಪಕಾರ ಸಣ್ಣದಲ್ಲ. ಆದರೆ ರಬ್ಬರು ಮತ್ತು ಮರದ ಪಾದಕ್ಕೆ ಮೀನಖಂಡದ ಸ್ನಾಯುವಿನಂತೆ ತಳ್ಳುವ ಬಲವಿಲ್ಲ. ಆ ಕೊರತೆಯ ಬಹುಪಾಲು ಸೊಂಟದ ಮೇಲೆ ಬೀಳುತ್ತದೆ. ಅಂಥವರ ನಡಿಗೆಯನ್ನು ಪರೀಕ್ಷಿಸುವಾಗ ಹೆಗಲು, ಸೊಂಟ ಎಷ್ಟು ಸಪಾಟಾಗಿ ಸಾಗುತ್ತಿವೆ ಎಂದಷ್ಟೇ ನೋಡಿ ಗುರುತು ಹಾಕಿಕೊಂಡರೆ ಮುಖ್ಯವಾದದ್ದೇ ಕಣ್ತಪ್ಪುತ್ತದೆ. ಹಿಂದಿನ ಪಾದದ ತಳ್ಳು ಎಷ್ಟಿದೆ, ಮುಂದಿನ ಹಿಮ್ಮಡಿ ನೆಲ ಮುಟ್ಟುವುದಕ್ಕೆ ಮೊದಲು ಬರುತ್ತಿದೆಯೇ ಅಥವಾ ಆಮೇಲೆಯೇ ಎಂಬುದನ್ನು ಅಳೆಯಬೇಕು. ನೆಲದ ಒತ್ತಡವನ್ನು ಅಳೆಯುವ ಎರಡು ಫಲಕಗಳಿದ್ದರೆ ಇದು ಸಾಧ್ಯ. ನಮ್ಮ ಪುನರ್ವಸತಿ ಕೇಂದ್ರಗಳ ತಪಾಸಣಾ ಪಟ್ಟಿಗೆ ಈ ಅಳತೆಯನ್ನು ಸೇರಿಸಿಕೊಳ್ಳಬೇಕೆಂದು, ಸಭೆಯಲ್ಲಿರುವ ವೈದ್ಯರನ್ನೂ ಅಧ್ಯಾಪಕರನ್ನೂ ಕೇಳಿಕೊಳ್ಳುತ್ತೇನೆ.