ಕಡಲ ಕೆಸರಿನ ಓದು

ಓಲೆಗರಿಗಳ ಪಾಠಾಂತರ ನೋಡುವುದರಲ್ಲೇ ಆಯುಷ್ಯದ ಬಹುಭಾಗ ಕಳೆದ ನನ್ನಂಥವನು ಧ್ರುವಸಮುದ್ರದ ಮಾತೆತ್ತಿದರೆ ಕೇಳುಗರು ಹುಬ್ಬೇರಿಸಿಯಾರು. ಆದರೆ ಆ ಕಡಲಿನ ತಳದ ಕೆಸರೂ ಒಂದು ಹಸ್ತಪ್ರತಿಯೇ ಎಂದು ತಿಳಿದಂದಿನಿಂದ ನನಗೆ ಅದರ ಗೀಳು ಹತ್ತಿದೆ.

ಉಪಗ್ರಹಗಳು ಉತ್ತರ ಧ್ರುವದ ಹಿಮವನ್ನು ಎಡೆಬಿಡದೆ ಅಳೆಯತೊಡಗಿದ್ದು 1970ರ ದಶಕದ ಕೊನೆಯಲ್ಲಿ. ಬಹು ಹಿಂದಿನ ಕಥೆಯನ್ನು ಕೆಸರೇ ಹೇಳಬೇಕು. 2004ರಲ್ಲಿ ವಿಜ್ಞಾನಿಗಳು ಹಿಮ ಒಡೆಯುವ ಹಡಗುಗಳ ಕಾವಲಿನಲ್ಲಿ, ಧ್ರುವದಿಂದ ಸುಮಾರು 250 ಕಿಲೋಮೀಟರು ದೂರದ ಲೊಮೊನೊಸೊವ್ ಎಂಬ ಕಡಲೊಳಗಣ ಬೆಟ್ಟಸಾಲಿನ ಮೇಲೆ ನಾನೂರು ಮೀಟರಿಗೂ ಮಿಕ್ಕಿ ಆಳಕ್ಕೆ ಕೊರೆದರು. ಸುಮಾರು 4.9 ಕೋಟಿ ವರ್ಷ ಹಳೆಯ ಪದರದಲ್ಲಿ ಕಂಡದ್ದೇನು? ಅಜೋಲ್ಲಾ! ನಮ್ಮ ಭತ್ತದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಬೆಳೆಸುವ ತೇಲುಸಸ್ಯದ ಕುಲವೇ ಅದು. ಅಂದು ಆ ಸಮುದ್ರದ ಮೇಲ್ನೀರು ಸಿಹಿಯಾಗಿತ್ತೆಂಬುದಕ್ಕೆ ಅದು ಸಾಕ್ಷಿ. ಸುಮಾರು 4.6 ಕೋಟಿ ವರ್ಷ ಹಿಂದಿನ ಪದರದಲ್ಲಿ ಬೆಣಚುಕಲ್ಲು. ನಡುಗಡಲಿಗೆ ಅದನ್ನು ತೇಲುಹಿಮ ಹೊತ್ತು ತಂದು, ಕರಗುವಾಗ ಉದುರಿಸಿತ್ತು. ಅದರ ಮೇಲೆ ಒಂದು ಗ್ರಂಥಪಾತ: 2.6 ಕೋಟಿ ವರ್ಷಗಳ ಪದರವೇ ಇಲ್ಲವೆಂದು ಮೊದಲು ಎಣಿಸಿದರು. ಆಸ್ಮಿಯಂ ಧಾತುವಿನಿಂದ ಕಾಲ ಕಟ್ಟಿದವರು ಲೋಪ ಅಷ್ಟು ದೊಡ್ಡದಲ್ಲವೆಂದು 2011ರಲ್ಲಿ ವಾದಿಸಿದರು. ಕವಿಕಾಲನಿರ್ಣಯದ ಜಗಳಗಳನ್ನು ಕಂಡ ನಮಗೆ ಇದೇನೂ ಹೊಸದಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಹಿಮದೊಳಗೇ ಬಾಳುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಲ್ಲಿ ಕೆಲವು, 25 ಇಂಗಾಲದ ಪರಮಾಣುಗಳುಳ್ಳ ಒಂದು ವಸ್ತುವನ್ನು ತಯಾರಿಸುತ್ತವೆ. ಹಿಮ ಕರಗಿದಾಗ ಅದು ತಳಕ್ಕಿಳಿಯುತ್ತದೆ. ಇಂಗ್ಲೆಂಡಿನ ಸೈಮನ್ ಬೆಲ್ಟ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಹಿಮದ ಗುರುತೆಂದು ತೋರಿಸಿದರು. ಕೆಸರಿನಲ್ಲಿ ಅದು ಕಂಡರೆ ವಸಂತದಲ್ಲಿ ಅಲ್ಲಿ ಹಿಮವಿತ್ತು. ಕಾಣದಿದ್ದರೆ? ಹಿಮವೇ ಇರಲಿಲ್ಲವೆನ್ನಬಹುದು, ಬೆಳಕು ತೂರದಷ್ಟು ದಪ್ಪ ಹಿಮ ವರ್ಷವಿಡೀ ಕವಿದಿತ್ತೆಂದೂ ಎನ್ನಬಹುದು. ಒಂದೇ ಮೌನಕ್ಕೆ ಎರಡು ವಿರುದ್ಧ ಅರ್ಥ! ಅದಕ್ಕೇ ತೆರೆದ ನೀರಿನ ಪಾಚಿಗಳು ಬಿಟ್ಟ ಗುರುತನ್ನೂ ಅದೇ ಪದರದಲ್ಲಿ ಹುಡುಕುತ್ತಾರೆ. ಅದೂ ಇಲ್ಲವಾದರೆ ಗಟ್ಟಿಹಿಮ. ಅದೊಂದೇ ಇದ್ದರೆ ತೆರೆದ ಕಡಲು.

ಹಿಂದೊಮ್ಮೆ ನಾನು ಸಂಪಾದಿಸಿದ ಕಾವ್ಯದ ಪ್ರತಿಯಲ್ಲಿ ಒಂದು ಪ್ರಸಂಗವಿರಲಿಲ್ಲ. ಕವಿ ಅದನ್ನು ಬರೆದೇ ಇಲ್ಲವೆಂದು ಮುನ್ನುಡಿಯಲ್ಲಿ ಖಂಡಿತವಾಗಿ ನುಡಿದೆ. ಆಮೇಲೆ ಸಿಕ್ಕ ಇನ್ನೊಂದು ಪ್ರತಿಯಲ್ಲಿ ಅದು ನಿಚ್ಚಳವಾಗಿತ್ತು. ಅಷ್ಟರಲ್ಲಿ ಮುನ್ನುಡಿ ಅಚ್ಚಾಗಿ ಹೋಗಿತ್ತು.

ಸುಮಾರು 1,25,000 ವರ್ಷಗಳ ಹಿಂದೆ ಭೂಮಿ ಇಂದಿನಂತೆಯೇ ಕಾದಿದ್ದಾಗ ಧ್ರುವಸಮುದ್ರದ ಬೇಸಿಗೆಯ ಹಿಮ ಉಳಿದಿತ್ತೇ? ನಡುಗಡಲಿನಲ್ಲಿ ಉಳಿದಿತ್ತೆಂದು 2017ರಲ್ಲಿ ಇಂಥ ಗುರುತುಗಳನ್ನು ಓದಿದವರು ಬರೆದರು. ಅಟ್ಲಾಂಟಿಕ್ ನೀರಿನಲ್ಲಿ ಬಾಳುವ ಸೂಕ್ಷ್ಮಜೀವಿಗಳ ಚಿಪ್ಪುಗಳನ್ನು ಅಲ್ಲಿ ಕಂಡವರು, ಬೇಸಿಗೆಯಲ್ಲಿ ಹಿಮವಿರಲಿಲ್ಲವೆಂದು 2023ರಲ್ಲಿ ಬರೆದರು. ಇಬ್ಬರ ಮುಂದೆಯೂ ಇದ್ದದ್ದು ಕಡಲ ತಳದ ಕೆಸರೇ.