ಹಳೆಯ ಪಿಕಪ್ ವಾಹನದ ಸ್ಟೀರಿಂಗ್ ದುರಸ್ತಿ: ಜೋಡಣೆಯ ಕ್ರಮ ಮತ್ತು ಸದಸ್ಯರ ಪರಿಶೀಲನೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಾಮಾನ್ಯ ಸಭೆಯ ಮುಂದೆ ‘ವಾಹನದ ಸ್ಟೀರಿಂಗ್ ದುರಸ್ತಿ’ ಎಂಬ ಒಂದೇ ಸಾಲಿನ ಬಿಲ್ಲು ಬಂದಾಗ ನಾವು ಎರಡು ಪ್ರಶ್ನೆಗಳನ್ನು ಕೇಳುತ್ತೇವೆ: ಮೊತ್ತವೆಷ್ಟು, ದರಪಟ್ಟಿ ಪಡೆಯಲಾಗಿದೆಯೇ? ಎರಡೂ ಅಗತ್ಯವೇ. ಆದರೆ ಕೆಲಸ ಸರಿಯಾಗಿ ನಡೆದಿದೆಯೇ ಎಂಬ ಮೂರನೆಯ ಪ್ರಶ್ನೆಯನ್ನು, ಅದು ಮೆಕ್ಯಾನಿಕರ ವಿಷಯವೆಂದು ಭಾವಿಸಿ, ಬಿಟ್ಟುಬಿಡುತ್ತೇವೆ. ಆ ಪ್ರಶ್ನೆಯನ್ನು ಕೇಳಲು ಬೇಕಾಗುವಷ್ಟು ತಿಳಿವಳಿಕೆಯನ್ನು ತಮ್ಮ ಮುಂದಿಡುವುದು ಈ ಉಪನ್ಯಾಸದ ಉದ್ದೇಶ.

ಉದಾಹರಣೆಗೆ ವಿಲ್ಲೀಸ್ ವಿನ್ಯಾಸದ ಜೀಪಿನ ಚಾಸಿಯ ಮೇಲೆ ಕಟ್ಟಿದ ಹಳೆಯ ಪಿಕಪ್ ವಾಹನವನ್ನು ತೆಗೆದುಕೊಳ್ಳೋಣ. ಕೊಳವೆಬಾವಿಯ ಮೋಟಾರು, ಪೈಪು, ಬ್ಲೀಚಿಂಗ್ ಪುಡಿಯ ಮೂಟೆ, ಯಾವುದನ್ನು ಹೇರಿದರೂ ಭಾರವೆಲ್ಲ ಹಿಂದಕ್ಕೆ ಬೀಳುತ್ತದೆ. ಮುಂಗಾಲಿಗಳ ಮೇಲಿನ ಭಾರ ತಗ್ಗಿದಾಗ ಸ್ಟೀರಿಂಗಿನ ಸಡಿಲು ಇನ್ನಷ್ಟು ಅಪಾಯಕಾರಿಯಾಗುತ್ತದೆ.

ಮೆಕ್ಯಾನಿಕರು ‘ಪ್ಲೇ’ ಎಂದು ಕರೆಯುವ ಈ ಸಡಿಲಿಗೆ ಕಾನೂನು ಮಿತಿಯನ್ನು ಹಾಕಿದೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 98ನೆಯ ನಿಯಮದಂತೆ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚಿನ ಪ್ಲೇ ಇರಕೂಡದು. ಸಂಪರ್ಕದ ಬೋಲ್ಟು, ಪಿನ್ನುಗಳು ಕಳಚದಂತೆ ಭದ್ರವಾಗಿ ಲಾಕ್ ಆಗಿರಬೇಕು. ಬಾಲ್ ಜಾಯಿಂಟುಗಳಿಗೆ ರಬ್ಬರ್ ಕವಚವಿರಬೇಕು. ಹದಿನೈದು ಅಂಗುಲ ವ್ಯಾಸದ ಸ್ಟೀರಿಂಗ್ ಚಕ್ರದಲ್ಲಿ 30 ಡಿಗ್ರಿಯೆಂದರೆ ಅಂಚಿನಲ್ಲಿ ಹೆಚ್ಚುಕಡಿಮೆ ನಾಲ್ಕು ಅಂಗುಲ. ಇದು ಮೀರಬಾರದ ಎಲ್ಲೆಯೇ ಹೊರತು ಉತ್ತಮ ಸ್ಥಿತಿಯ ಲಕ್ಷಣವಲ್ಲ; ಚೆನ್ನಾಗಿ ಜೋಡಿಸಿದ ಸ್ಟೀರಿಂಗಿನಲ್ಲಿ ಸಡಿಲು ಇದಕ್ಕಿಂತ ಬಹಳ ಕಡಿಮೆ ಇರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಆ ನಾಲ್ಕು ಅಂಗುಲವನ್ನು ಸವೆಸಲು ಚಾಲಕನಿಗೆ ಅರ್ಧ ಸೆಕೆಂಡು ಹಿಡಿದರೂ ಗಾಲಿ ತಿರುಗುವ ಮೊದಲೇ ಐದೂವರೆ ಮೀಟರ್ ರಸ್ತೆ ಹಿಂದೆ ಸರಿದಿರುತ್ತದೆ. ಶಾಲೆಯ ಮುಂದಿನ ರಸ್ತೆಯಲ್ಲಿ ಅದು ಸಣ್ಣ ದೂರವಲ್ಲ.

ಇನ್ನು ರಚನೆಯ ವಿಚಾರ. ಸ್ಟೀರಿಂಗ್ ಚಕ್ರದಿಂದ ಇಳಿಯುವ ಉಕ್ಕಿನ ದಂಡವು ಕಾಲಮ್ ಎಂಬ ಕೊಳವೆಯೊಳಗೆ ಹಾದು ಸ್ಟೀರಿಂಗ್ ಬಾಕ್ಸನ್ನು ಸೇರುತ್ತದೆ. ದಂಡದ ತುದಿಯಲ್ಲಿ ಸುರುಳಿಯಾಗಿ ಕೊರೆದ ವರ್ಮ್ ಇದೆ. ಸುರುಳಿಯ ಗಾಡಿಯಲ್ಲಿ ಕುಳಿತ ಪಿನ್ನುಗಳು ಸರಿದಂತೆ ರಾಕರ್ ಶಾಫ್ಟ್ ಹೊರಳುತ್ತದೆ, ಅದರ ತುದಿಯ ಡ್ರಾಪ್ ಆರ್ಮ್ ತೂಗುತ್ತದೆ. ಅಲ್ಲಿಂದ ಡ್ರ್ಯಾಗ್ ಲಿಂಕ್, ಬೆಲ್ ಕ್ರ್ಯಾಂಕ್, ಟೈ ರಾಡ್, ಕೊನೆಗೆ ಗಾಲಿ. ಸಡಿಲು ಈ ಸರಪಳಿಯ ಯಾವ ಕೊಂಡಿಯಲ್ಲಿ ಬೇಕಾದರೂ ಇರಬಹುದು. ಈ ಜೀಪುಗಳಲ್ಲಿ ಬೆಲ್ ಕ್ರ್ಯಾಂಕಿನ ಬುಶ್ ಸವೆಯುವುದು ಹಳೆಯ ಕಾಯಿಲೆ. ಹಾಗಿದ್ದೂ ಮೊದಲ ದೂರು ಹೋಗುವುದು ಬಾಕ್ಸಿನ ಮೇಲೆಯೇ.

ಆದಕಾರಣ ಬಿಚ್ಚುವುದಕ್ಕೆ ಮೊದಲು ಸಡಿಲು ಎಲ್ಲಿದೆಯೆಂದು ಪತ್ತೆಮಾಡಬೇಕು. ವಾಹನವನ್ನು ಸಮನೆಲದ ಮೇಲೆ ಗಾಲಿಗಳು ನೇರವಾಗಿರುವಂತೆ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂಗಾಲಿಗಳಿಗೆ ಕಲ್ಲು ಕೊಡಿರಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸಲಿ, ಇನ್ನೊಬ್ಬರು ಕೆಳಗಿನಿಂದ ಡ್ರಾಪ್ ಆರ್ಮನ್ನು ನೋಡಲಿ. ಚಕ್ರ ತಿರುಗಿದರೂ ಡ್ರಾಪ್ ಆರ್ಮ್ ಸುಮ್ಮನಿದ್ದರೆ ದೋಷ ಬಾಕ್ಸಿನಲ್ಲಿದೆ. ಡ್ರಾಪ್ ಆರ್ಮ್ ಕದಲಿಯೂ ಗಾಲಿ ಕದಲದಿದ್ದರೆ ದೋಷ ಅದರಾಚೆಯ ಲಿಂಕುಗಳಲ್ಲಿದೆ. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ.

ಬಾಕ್ಸನ್ನು ಬಿಚ್ಚಲೇಬೇಕಾದಾಗ ಡ್ರಾಪ್ ಆರ್ಮ್ ಮತ್ತು ಶಾಫ್ಟಿನ ಮೇಲೆ ಒಂದಕ್ಕೊಂದು ಎದುರಾಗಿ ಗುರುತು ಮಾಡಿಕೊಳ್ಳಬೇಕು. ಡ್ರಾಪ್ ಆರ್ಮನ್ನೂ ಸ್ಟೀರಿಂಗ್ ಚಕ್ರವನ್ನೂ ಪುಲ್ಲರ್ ಹಾಕಿ ಎಳೆಯಬೇಕು. ಸುತ್ತಿಗೆಯಿಂದ ದಂಡದ ತಲೆಗೆ ಹೊಡೆದರೆ ಪೆಟ್ಟು ಕೆಳಗಿನ ಬೇರಿಂಗಿಗೆ ತಾಗುತ್ತದೆ. ಭಾಗಗಳನ್ನು ತೊಳೆದ ಮೇಲೆ ಬೇರಿಂಗಿನ ದಾರಿಯಲ್ಲಿ ಗುಳಿ ಬಿದ್ದಿದೆಯೇ, ಪಿನ್ನುಗಳು ಚಪ್ಪಟೆಯಾಗಿವೆಯೇ, ರಾಕರ್ ಶಾಫ್ಟಿನ ಬುಶ್ ಸವೆದಿದೆಯೇ ಎಂದು ನೋಡಬೇಕು. ಸವೆದ ವರ್ಮಿಗೆ ಹೊಸ ಪಿನ್ನು ಹೊಂದುವುದು ಕಷ್ಟ. ಎರಡನ್ನೂ ಜೊತೆಯಾಗಿ ಬದಲಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ, ಖರ್ಚು ಹೆಚ್ಚಾದರೂ ಸರಿಯೇ.

ಮರುಜೋಡಣೆಯಲ್ಲಿ ಎರಡು ಹೊಂದಾಣಿಕೆಗಳಿವೆ. ಅವುಗಳ ಕ್ರಮ ತಪ್ಪಬಾರದು. ಮೊದಲನೆಯದು ವರ್ಮಿನ ಬೇರಿಂಗುಗಳದ್ದು. ಬಾಕ್ಸಿನ ಮೇಲ್ಮುಚ್ಚಳದ ಕೆಳಗೆ ಶಿಮ್ ಎಂಬ ತೆಳು ಲೋಹದ ಹಾಳೆಗಳಿರುತ್ತವೆ. ರಾಕರ್ ಶಾಫ್ಟಿನ ಸ್ಕ್ರೂವನ್ನು ಸಡಿಲಿಸಿಟ್ಟು, ಶಿಮ್‌ಗಳನ್ನು ಒಂದೊಂದಾಗಿ ತೆಗೆಯುತ್ತ, ದಂಡದ ಮೇಲುಕೆಳಗಿನ ಅಲುಗಾಟ ನಿಂತು ತಿರುಗುವಿಕೆ ಮಾತ್ರ ಹಗುರವಾಗಿ ಉಳಿಯುವಲ್ಲಿಗೆ ನಿಲ್ಲಿಸಬೇಕು. ಇದು ಮುಗಿದ ನಂತರವೇ ಎರಡನೆಯದು: ಪಕ್ಕದ ಮುಚ್ಚಳದ ಸ್ಕ್ರೂ. ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಿ, ಸುತ್ತುಗಳನ್ನು ಎಣಿಸಿ, ಅರ್ಧದಷ್ಟು ಹಿಂದಿರುಗಿಸಿ ನಟ್ಟನಡುವೆ ನಿಲ್ಲಿಸಿಯೇ ಈ ಸ್ಕ್ರೂವನ್ನು ಬಿಗಿಮಾಡಬೇಕು. ನಡುವನ್ನು ದಾಟುವಾಗ ಕೈಗೆ ತುಸು ಬಿಗಿ ತಾಗಬೇಕು, ಎರಡೂ ಬದಿಗೆ ಅದು ಬಿಡಬೇಕು. ಹೀಗೇಕೆಂದರೆ ವರ್ಮಿನ ಗಾಡಿಯನ್ನು ನಡುಭಾಗದಲ್ಲಿ ಉದ್ದೇಶಪೂರ್ವಕವಾಗಿ ಬಿಗಿಯಾಗಿ ಕೊರೆದಿರುತ್ತಾರೆ. ವಾಹನ ಹೆಚ್ಚು ಕಾಲ ನೇರವಾಗಿಯೇ ಓಡುವುದರಿಂದ ಸವೆತವೂ ಅಲ್ಲಿಯೇ ಹೆಚ್ಚು.

ಅಗ್ಗದ ದುರಸ್ತಿ ಅಪಾಯ ತರುವುದು ಇಲ್ಲಿಯೇ. ಬಾಕ್ಸನ್ನು ಬಿಚ್ಚದೆ ಪಕ್ಕದ ಸ್ಕ್ರೂವನ್ನು ಮಾತ್ರ ಬಿಗಿದರೆ ನೇರ ರಸ್ತೆಯಲ್ಲಿ ಪ್ಲೇ ಹೋದಂತೆ ಕಾಣುತ್ತದೆ. ಚಾಲಕರಿಗೂ ಅಂದು ಸಂತೋಷವಾಗುತ್ತದೆ. ಆದರೆ ನಡುವೆ ಸವೆದು, ಬದಿಗಳಲ್ಲಿ ಸವೆಯದೆ ಉಳಿದ ಗಾಡಿಯೊಳಗೆ ಪಿನ್ನುಗಳು ತಿರುವಿನಲ್ಲಿ ಸಿಕ್ಕಿ ಬಿಗಿಯುತ್ತವೆ. ತಿರುಗಿಸಿದ ಚಕ್ರ ತಾನಾಗಿ ಹಿಂದಿರುಗುವುದಿಲ್ಲ. ಸಡಿಲಾದ ಸ್ಟೀರಿಂಗಿಗಿಂತ ಹೀಗೆ ಹಿಡಿದುಕೊಳ್ಳುವ ಸ್ಟೀರಿಂಗು ಕೆಟ್ಟದ್ದು, ಏಕೆಂದರೆ ಅದು ತಿರುವಿನವರೆಗೆ ತನ್ನ ದೋಷವನ್ನು ತೋರಿಸುವುದಿಲ್ಲ.

ಬಾಕ್ಸನ್ನು ವಾಹನಕ್ಕೆ ಕೂರಿಸುವಾಗ ಮೊದಲು ಚಾಸಿಯ ಬೋಲ್ಟುಗಳನ್ನು ಬಿಗಿದು, ಡ್ಯಾಶ್‌ಬೋರ್ಡಿನ ಕೆಳಗಿನ ಕಾಲಮ್ ಬ್ರಾಕೆಟ್ಟನ್ನು ಕೊನೆಯಲ್ಲಿ ಬಿಗಿಯಬೇಕು. ಬ್ರಾಕೆಟ್ಟು ತಾನಾಗಿ ಹೊಂದದೆ ಕಾಲಮನ್ನು ಎಳೆದು ಕಟ್ಟಬೇಕಾಗಿ ಬಂದರೆ ಬಾಕ್ಸು ಓರೆಯಾಗಿ ಕುಳಿತಿದೆಯೆಂದು ತಿಳಿಯಬೇಕು. ಎಳೆದು ಕಟ್ಟಿದ ಕಾಲಮ್ ದಂಡವನ್ನು ಒತ್ತಿಹಿಡಿದು ಹೊಸ ಬೇರಿಂಗನ್ನೂ ತಿನ್ನುತ್ತದೆ. ಹಾರ್ನಿನ ತಂತಿ ದಂಡಕ್ಕೆ ಸುತ್ತಿಕೊಳ್ಳದಂತೆ ನೋಡಬೇಕು. ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಬಳಸಕೂಡದು. ಡ್ರಾಪ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್ ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಕಾಯಿಸಿ ನೆಟ್ಟಗೆ ಮಾಡುವುದಾಗಲಿ, ವೆಲ್ಡಿಂಗ್ ಮಾಡುವುದಾಗಲಿ ಸಲ್ಲದು, ಬದಲಿಸಲೇಬೇಕು.

ದರಪಟ್ಟಿಯ ಬಗ್ಗೆ ಒಂದು ಮಾತು. ಒಬ್ಬರು ಸ್ಕ್ರೂ ಬಿಗಿಯುವುದಕ್ಕೆ, ಇನ್ನೊಬ್ಬರು ಬಾಕ್ಸನ್ನು ಬಿಚ್ಚಿ ಭಾಗ ಬದಲಿಸುವುದಕ್ಕೆ ದರ ಬರೆದಿದ್ದರೆ ಆ ಎರಡು ಮೊತ್ತಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಸಡಿಲು ಎಲ್ಲಿದೆಯೆಂದು ಪತ್ತೆಮಾಡಿ, ಯಾವ ಭಾಗಗಳನ್ನು ಬದಲಿಸಬೇಕೆಂದು ಪಂಚಾಯಿತಿಯೇ ಬರೆದುಕೊಟ್ಟು, ಅದೇ ಕೆಲಸಕ್ಕೆ ಎಲ್ಲರಿಂದಲೂ ದರ ಕೇಳುವುದು ಸರಿಯಾದ ಮಾರ್ಗ.

ವಾಹನ ಹಿಂದಿರುಗಿದ ದಿನ ಒಬ್ಬ ಸದಸ್ಯರು ಚಾಲಕರ ಪಕ್ಕದಲ್ಲಿ ಕುಳಿತು ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ ನೋಡಲಿ. ಪ್ರತಿ ತಿರುವಿನ ನಂತರ ಹಿಡಿತ ಸಡಿಲಿಸಿದಾಗ ಚಕ್ರ ನೇರಕ್ಕೆ ಮರಳುತ್ತಿದೆಯೇ, ಎಲ್ಲಿಯಾದರೂ ಸಿಕ್ಕಿಕೊಳ್ಳುತ್ತಿದೆಯೇ ಎಂದು ಗಮನಿಸಲಿ. ಮರಳದಿದ್ದರೆ ಬಿಲ್ಲನ್ನು ತಡೆಹಿಡಿದು ವಾಹನವನ್ನು ಗ್ಯಾರೇಜಿಗೆ ಹಿಂದಿರುಗಿಸಬೇಕು. ಮರಳಿದರೆ ಸ್ಟೀರಿಂಗ್ ಚಕ್ರದ ಅಂಚಿಗೆ ಅಳತೆಪಟ್ಟಿ ಹಿಡಿದು ಪ್ಲೇ ಎಷ್ಟು ಅಂಗುಲವಿದೆಯೆಂದು ಅಳೆದು ವಾಹನದ ಲಾಗ್ ಪುಸ್ತಕದಲ್ಲಿ ದಿನಾಂಕದೊಡನೆ ಬರೆಯಿಸಬೇಕು. ಬದಲಿಸಿದ ಹಳೆಯ ಬೇರಿಂಗ್, ಪಿನ್ನು, ಬುಶ್‌ಗಳನ್ನು ಕಚೇರಿಗೆ ತರಿಸಿಕೊಂಡು, ಬಿಲ್ಲಿನಲ್ಲಿ ನಮೂದಿಸಿದ ಭಾಗಗಳೊಂದಿಗೆ ತಾಳೆ ನೋಡಿದ ಬಳಿಕ ಸಭೆಯ ಮುಂದೆ ಮಂಡಿಸಬಹುದು.